ಎನ್‌ಒಸಿ ಸಾಹೇಬರಿಗೆ ಹರವೆ ಹೋಬಳಿಯಿಂದ ಒಂದು ಬಿನ್ನಹ

ಶ್ರೀಮನ್ ನಿರಾಕ್ಷೇಪಣಾ ಪತ್ರದವರ ಸನ್ನಿಧಿಗೆ,

ವಿಷಯ: ತಾವು ನಮ್ಮ ಕಡೆಗೂ ಒಮ್ಮೆ ದಯಮಾಡಿಸುವ ಬಗ್ಗೆ.
ಉಲ್ಲೇಖ: ಈ ಹಿಂದೆ ಕೊಟ್ಟ ಅರ್ಜಿಗಳು (ಸಿಕ್ಕರೆ ನೋಡಿಕೊಳ್ಳುವುದು).

ಬುದ್ಧಿ, ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಹೆದರಿ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಇತ್ತ ತಲೆ ಹಾಕಲಿಲ್ಲ. ಆ ಶಾಪ ತಮಗೂ ತಟ್ಟಿರಬೇಕೆಂದು ನಾವು ತೆಪ್ಪಗಿದ್ದೆವು. ಸಿದ್ದರಾಮಯ್ಯನವರು ಮೇಲಿಂದ ಮೇಲೆ ಬಂದು ಆ ಮಾತನ್ನು ಹುಸಿ ಮಾಡಿದರು. 2025ರ ಏಪ್ರಿಲ್‌ನಲ್ಲಿ ಇಡೀ ಸಂಪುಟವೇ ಮಾದಪ್ಪನ ಬೆಟ್ಟ ಹತ್ತಿ ಸಭೆ ನಡೆಸಿತು. ಇನ್ನು ತಾವೊಬ್ಬರೇ ಬಾಕಿ.

ತಾವು ಬಂದೇ ಇಲ್ಲ ಎಂದರೂ ತಪ್ಪಾದೀತು. ಗುಂಡ್ಲುಪೇಟೆ ದಾಟಿ ಕಾಡಂಚಿಗೆ ಹೋದರೆ ತಮ್ಮ ಹೆಜ್ಜೆಗುರುತು ಕಾಣುತ್ತದೆ, ಆನೆಯದ್ದಕ್ಕಿಂತ ದೊಡ್ಡದು. ಬಂಡೀಪುರದ ಸುತ್ತಲ ಊರುಗಳು ಪರಿಸರ ಸೂಕ್ಷ್ಮ ವಲಯ ಎಂದು 2012ರಲ್ಲೇ ಅಧಿಸೂಚನೆ ಆಗಿದೆ. ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತ ಮೇಲೆ ನೇಗಿಲು ಮುಟ್ಟದವರೂ ಹೊಲ ಕೊಳ್ಳಬಹುದು. ಹಾಗೆ ಕೊಂಡ ಕಾಡಂಚಿನ ಹೊಲದಲ್ಲಿ ಮೊದಲು ತೋಟದ ಮನೆ ಏಳುತ್ತದೆ, ಆಮೇಲೆ ಈಜುಕೊಳ. ಕಾಗದ ಕೇಳುವವರು ಬಂದ ದಿನ ಅದು ತೋಟದ ಮನೆ, ಬುಕಿಂಗ್ ಕೇಳುವವರು ಬಂದ ದಿನ ರೆಸಾರ್ಟು. ಒಂದೇ ಕಟ್ಟಡಕ್ಕೆ ಎರಡು ಅವತಾರ! ನಮ್ಮ ದೇವರಿಗೂ ಇಷ್ಟು ಸಲೀಸಲ್ಲ.

ಇತ್ತ ನಮ್ಮೂರಿನ ಹುಡುಗನೊಬ್ಬ ಒಂದು ಹಿಟ್ಟಿನ ಮಿಲ್ಲು ಹಾಕುತ್ತೇನೆಂದ. ರಾಗಿ ಬೆಳೆಯುವ ಊರಲ್ಲಿ ರಾಗಿ ಬೀಸುವ ದುರಾಸೆ. ಪಹಣಿ ಅವರಜ್ಜನ ಹೆಸರಲ್ಲಿದೆ, ಮೊದಲು ಪೌತಿ ಖಾತೆ ಆಗಲಿ ಎಂದರು. ಆಯಿತು. ಜಮೀನು ಕೃಷಿಯದ್ದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಪರಿವರ್ತನೆ ಆಗಲಿ ಎಂದರು. ಅದೂ ಆಯಿತು. ಇ-ಸ್ವತ್ತಿನ ನಮೂನೆ 9, ನಮೂನೆ 11 ತಾ ಎಂದರು. ಹೋದ ದಿನ ಸರ್ವರ್ ಇರಲಿಲ್ಲ. ಸರ್ವರ್ ಬಂದ ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಕರೆಂಟಿನವರು ಪಂಚಾಯಿತಿ ಲೈಸೆನ್ಸ್ ಇಲ್ಲದೆ ತ್ರೀ ಫೇಸ್ ಇಲ್ಲ ಎಂದರು, ಪಂಚಾಯಿತಿಯವರು ಕರೆಂಟಿನ ಕಾಗದ ಇಲ್ಲದೆ ಲೈಸೆನ್ಸ್ ಇಲ್ಲ ಎಂದರು. ಕಡತದ ಟ್ಯಾಗು ಸವೆದು ತುಂಡಾದಾಗ ಹೊಸ ಟ್ಯಾಗನ್ನೂ ಹುಡುಗನೇ ತಂದುಕೊಟ್ಟ. ಕೊನೆಗೆ ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯ ಒಂದು ಸಾಲು ಬಂತು: ‘ಅಕ್ಕಪಕ್ಕದವರ ಒಪ್ಪಿಗೆ ಲಗತ್ತಿಸಿಲ್ಲ.’ ಆ ಜಾಗದ ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ಸ್ಮಶಾನ. ಅಲ್ಲಿರುವವರು ಯಾರೂ ತಕರಾರು ಮಾಡಿಲ್ಲ ಎಂದು ಬರೆದುಕೊಟ್ಟರೆ ನಡೆಯುತ್ತದೆಯೇ, ತಿಳಿಸಬೇಕು.

ಮಿಲ್ಲಿನ ಸದ್ದು ಊರಿಗೆ ತೊಂದರೆ ಎಂಬ ತಮ್ಮ ಕಾಳಜಿ ದೊಡ್ಡದೇ. ಕ್ವಾರಿಯಲ್ಲಿ ಕಲ್ಲು ಸಿಡಿಸುವ ಸದ್ದಿಗೆ ತಮ್ಮ ಕಿವಿ ಮಂದವಾಗುವುದು ಹೇಗೆ ಎಂಬುದಷ್ಟೇ ನಮಗೆ ಹೊಳೆಯದು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ಹತ್ತಿರದ ಮಡಹಳ್ಳಿಯಲ್ಲಿ ಕ್ವಾರಿಯ ಗುಡ್ಡ ಕುಸಿಯಿತು. ದೂರದ ಊರಿನಿಂದ ಕೂಲಿಗೆ ಬಂದಿದ್ದವರು ಬಂಡೆಯಡಿ ಸಿಕ್ಕಿ ಸತ್ತರು. ಕುಸಿಯುವ ಮುಂಚೆ ಗುಡ್ಡ ಯಾರ ಎನ್‌ಒಸಿಯನ್ನೂ ಕೇಳಲಿಲ್ಲ, ಬುದ್ಧಿ.

ಇದನ್ನೆಲ್ಲ ಗ್ರಾಮ ಸಭೆಯಲ್ಲಿ ಹೇಳಿ ಎನ್ನುತ್ತೀರಿ. 1993ರ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಸೇರಲೇಬೇಕು ಎನ್ನುತ್ತದೆ. ಸೇರುತ್ತದೆ, ಪುಸ್ತಕದಲ್ಲಿ. ಹಿಂದಿನ ದಿನ ಸಂಜೆ ಬೋರ್ಡಿಗೆ ನೋಟೀಸು ಅಂಟುತ್ತದೆ, ಮರುದಿನ ರುಜು ಪುಸ್ತಕ ಮನೆಮನೆಗೆ ಬರುತ್ತದೆ, ಹೊತ್ತು ಮುಳುಗುವ ಮುಂಚೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’. ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದದ್ದು ಯಾವ ಸಭೆಯ ಸರ್ವಾನುಮತ ಎಂದು ಕೇಳಿದರೆ ಅನುದಾನ ಬಂದಿಲ್ಲ ಎನ್ನುತ್ತಾರೆ. ಪಂಚಾಯಿತಿಯ ಸ್ವಂತ ದುಡ್ಡೆಂದರೆ ಮನೆ ಕಂದಾಯ, ಅಂಗಡಿ-ಮಿಲ್ಲುಗಳ ತೆರಿಗೆ, ಲೈಸೆನ್ಸ್ ಶುಲ್ಕ. ಮಿಲ್ಲು ಓಡದಿದ್ದರೆ ಶುಲ್ಕ ಬಾರದು, ಶುಲ್ಕ ಬಾರದಿದ್ದರೆ ಘಟಕದ ಮೋಟಾರು ರಿಪೇರಿ ಆಗದು. ಈ ಲೆಕ್ಕ ಬೀಗದ ಮುಂದೆ ಬಿಂದಿಗೆ ಹಿಡಿದು ನಿಂತ ಹೆಂಗಸರಿಗೆ ಗೊತ್ತು.

ತಾವು ಬಾರದಿದ್ದರೂ ಚಿಂತೆಯಿಲ್ಲ. ಸಕಾಲ ಕಾಯ್ದೆ 2011ರದ್ದು. ಅದರ ಪಟ್ಟಿಯಲ್ಲಿರುವ ಸೇವೆಗೆ ಇಂತಿಷ್ಟೇ ದಿನ ಎಂದು ಗಡುವಿದೆ. ಪಂಚಾಯಿತಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇರಲಿ: ಯಾರ ಅರ್ಜಿ ಯಾವತ್ತು ಬಂತು, ಯಾವತ್ತು ತೀರ್ಮಾನವಾಯಿತು, ತಿರಸ್ಕರಿಸಿದ್ದರೆ ಏಕೆ. ಮಿಲ್ಲಿನದ್ದೂ ಕ್ವಾರಿಯದ್ದೂ ರೆಸಾರ್ಟಿನದ್ದೂ ಒಂದೇ ಹಲಗೆಯಲ್ಲಿ, ಒಂದರ ಕೆಳಗೊಂದು. ಸುಣ್ಣದ ಕಡ್ಡಿ ನಾವೇ ತರುತ್ತೇವೆ, ಟ್ಯಾಗು ತಂದ ಹಾಗೆ.

ಇಂತಿ ತಮ್ಮ ವಿಧೇಯ,
ಹರವೆ ಹೋಬಳಿಯ ಒಬ್ಬ ಅರ್ಜಿದಾರ

ಪ್ರತಿ: ಹೋಬಳಿಯ ಸಮಸ್ತ ಮತದಾರರಿಗೆ. ಮುಂದಿನ ಬಾರಿ ರುಜು ಪುಸ್ತಕ ಮನೆ ಬಾಗಿಲಿಗೆ ಬಂದರೆ ರುಜು ಹಾಕಬೇಡಿ. ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ, ಅಲ್ಲಿಗೇ ಬನ್ನಿ.