ಶ್ರೀ ಆರ್ಥಿಕ ಹಿಂಜರಿತ ಅವರಿಗೆ ಸನ್ಮಾನ ಸಮಿತಿಯ ಬಹಿರಂಗ ಪತ್ರ



ಮಹಿಳೆಯರನ್ನು ದುಡಿಮೆಗೆ ಇಳಿಸುವ ಕಾರ್ಯದಲ್ಲಿ ತಾವು ಸಲ್ಲಿಸಿರುವ ಸೇವೆಯನ್ನು ಪರಿಗಣಿಸಿ, ತಮಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯೊಂದಿಗೆ ಗೌರವಿಸಲು ಸಮಿತಿ ತೀರ್ಮಾನಿಸಿದೆ. ಊರೆಲ್ಲ ತಮ್ಮನ್ನು ಕೆಲಸ ಕಸಿಯುವವರೆಂದು ಶಪಿಸುತ್ತಿರುವಾಗ ಇದ್ಯಾವ ಸಮಿತಿ ಪೇಟ ಹಿಡಿದು ನಿಂತಿದೆ ಎಂದು ತಮಗೇ ಅನುಮಾನ ಬರಬಹುದು. ಆಧಾರ ಸರ್ಕಾರದ ಲೆಕ್ಕದಲ್ಲೇ ಇದೆ. ಕಾರ್ಮಿಕ ಬಲದ ವಾರ್ಷಿಕ ಸಮೀಕ್ಷೆಯ ಪ್ರಕಾರ 2018-19ರಲ್ಲಿ ಹದಿನೈದು ತುಂಬಿದ ಹೆಂಗಸರಲ್ಲಿ ದುಡಿಯುತ್ತಿದ್ದವರು ಮತ್ತು ಕೆಲಸ ಹುಡುಕುತ್ತಿದ್ದವರು ನೂರಕ್ಕೆ 24.5. ಮರುವರ್ಷ ಅದು 30ಕ್ಕೆ ಜಿಗಿಯಿತು. ಆ ಮರುವರ್ಷ ಮುಗಿದದ್ದು 2020ರ ಜೂನ್‌ನಲ್ಲಿ. ಅದರ ಕೊನೆಯ ಮೂರು ತಿಂಗಳಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಕೂತಿತ್ತು, ಜಿಡಿಪಿ ಕಾಲುಭಾಗದಷ್ಟು ಕುಸಿದಿತ್ತು. 2023-24ಕ್ಕೆ ಬಂದರೆ 41.7. ಇಂಥ ಏರಿಕೆಯನ್ನು ಯಾವ ಪಂಚವಾರ್ಷಿಕ ಯೋಜನೆ ಸಾಧಿಸಿತ್ತು?

ಸಮಿತಿಯಲ್ಲಿ ಎಲ್ಲರೂ ಕೈ ಎತ್ತಿದರು, ಖಜಾಂಚಿಯೊಬ್ಬರನ್ನು ಬಿಟ್ಟು. ಅವರು ಗಾರ್ಮೆಂಟ್ಸ್‌ನಲ್ಲಿ ವರ್ಷಾನುಗಟ್ಟಲೆ ಕಾಲರ್ ಹೊಲಿದವರು. ಲೆಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ.

"ಅಲ್ಲ ಸಾರ್, ಇಷ್ಟು ಜನ ಹೆಂಗಸರು ಕೆಲಸ ಮಾಡ್ತಿದಾರೆ ಅಂತ ಬರ್ದಿದೀರ. ಸಂಬಳ ಎಷ್ಟು ಜನಕ್ಕೆ ಬರ್ತಿದೆ ಅಂತ ಅದರಲ್ಲಿ ಬರ್ದಿದ್ಯಾ?" ಎಂದು ಅಧ್ಯಕ್ಷರನ್ನು ಕೇಳಿದರು.

ದುರದೃಷ್ಟಕ್ಕೆ ಬರೆದಿದೆ. ಅದೇ ಸಮೀಕ್ಷೆ, ಬೇರೆ ಕೋಷ್ಟಕ. 2017-18ರಲ್ಲಿ ದುಡಿಯುವ ನೂರು ಹೆಂಗಸರಲ್ಲಿ ತಿಂಗಳ ಸಂಬಳದವರು 21 ಮಂದಿ ಇದ್ದರು. 2023-24ಕ್ಕೆ 15.9. ಸ್ವಯಂ ಉದ್ಯೋಗಿಗಳು 51.9ರಿಂದ 67.4ಕ್ಕೆ ಏರಿದರು. ಸ್ವಯಂ ಉದ್ಯೋಗ ಎಂದೊಡನೆ ಕಣ್ಣ ಮುಂದೆ ಬರುವುದು ಬ್ಯಾಂಕಿನ ಜಾಹೀರಾತಿನಲ್ಲಿ ಲ್ಯಾಪ್‌ಟಾಪ್ ತೆರೆದು ನಗುವ ಮಹಿಳಾ ಉದ್ಯಮಿ. ಆದರೆ ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದ ಸಹಾಯಕರು. ಗಂಡನ ಹೊಲದಲ್ಲಿ ಕಳೆ ಕಿತ್ತವರು, ಮಾವನ ಅಂಗಡಿಯಲ್ಲಿ ಬೇಳೆ ತೂಗಿದವರು, ಮೈದುನನ ಹೋಟೆಲಿನಲ್ಲಿ ಇಡ್ಲಿ ಬೇಯಿಸಿದವರು. ಗಲ್ಲಾಪೆಟ್ಟಿಗೆ ಅವರ ಕೈಗೆ ಸಿಕ್ಕುವುದಿಲ್ಲ, ಸಮೀಕ್ಷೆಗೆ ಮಾತ್ರ ಅವರು ಸಿಗುತ್ತಾರೆ.

ನಲ್ಲಿ ನೀರು, ಗ್ಯಾಸ್ ಸಿಲಿಂಡರು ಬಂದು ಹೆಂಗಸರಿಗೆ ಬಿಡುವಾಯಿತು, ಸಮೀಕ್ಷೆಯವರೂ ಈಗ ಚೆನ್ನಾಗಿ ಕೇಳಿ ಬರೆದುಕೊಳ್ಳುತ್ತಾರೆ, ಅದಕ್ಕೇ ಸಂಖ್ಯೆ ಏರಿತು ಎನ್ನುವವರಿದ್ದಾರೆ. ಒಂದಿಷ್ಟು ನಿಜವೇ ಇರಬಹುದು. ಹಾಗೆ ಸಿಕ್ಕ ಬಿಡುವು ಸಂಬಳದ ಕಡೆಗೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಖಜಾಂಚಿ ನಡಾವಳಿ ಪುಸ್ತಕದಲ್ಲಿ ಬರೆಸಿದ್ದಾರೆ.

ಇಷ್ಟಾದ ಮೇಲೆ ಖಜಾಂಚಿ ಸುಮ್ಮನಾಗುತ್ತಾರೆಂದುಕೊಂಡರೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿಯನ್ನು ಮೇಜಿನ ಮೇಲೆ ಇಟ್ಟರು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮತ್ತು ಆಮೇಲಿನ ತಿಂಗಳುಗಳಲ್ಲಿ ದುಡಿಯುವ ಗಂಡಸರಲ್ಲಿ ನೂರಕ್ಕೆ 61 ಮಂದಿಯ ಕೆಲಸ ಉಳಿಯಿತು, ಹೆಂಗಸರಲ್ಲಿ ಬರೀ 19 ಮಂದಿಯದು. ಕೆಲಸ ಹೋಗಿ ಆ ವರ್ಷದ ಕೊನೆಗೂ ವಾಪಸು ಬರದವರು ಗಂಡಸರಲ್ಲಿ ನೂರಕ್ಕೆ 7, ಹೆಂಗಸರಲ್ಲಿ 47. ಅದೇ ವಿಶ್ವವಿದ್ಯಾಲಯ 2023ರಲ್ಲಿ ಇನ್ನೊಂದು ಕಹಿ ಸೇರಿಸಿತು: ಹೆಂಗಸರ ಸ್ವಯಂ ಉದ್ಯೋಗ ಹೆಚ್ಚಿದ್ದು ಸಂಕಷ್ಟದಿಂದ, ಮತ್ತು ಲಾಕ್‌ಡೌನ್ ಆಗಿ ಎರಡು ವರ್ಷವಾದರೂ ಸ್ವಯಂ ಉದ್ಯೋಗದ ಗಳಿಕೆ, ಬೆಲೆ ಏರಿಕೆ ಕಳೆದರೆ, 2019ರ ಮಧ್ಯದಲ್ಲಿದ್ದುದರ ನೂರಕ್ಕೆ 85ರಷ್ಟೇ.

ಅಂದರೆ ತಮ್ಮ ಕೈಚಳಕ ಸಮಿತಿ ಅಂದುಕೊಂಡದ್ದಕ್ಕಿಂತ ಸೂಕ್ಷ್ಮವಾದದ್ದು. ತಾವು ಎಲ್ಲ ಹೆಂಗಸರಿಂದ ಕೆಲಸವನ್ನೇ ಕಸಿದುಕೊಳ್ಳಲಿಲ್ಲ. ಹಲವರಿಂದ ಸಂಬಳವನ್ನಷ್ಟೇ ಎತ್ತಿಕೊಂಡು, ಕೆಲಸವನ್ನು ಅವರ ಬಳಿಯೇ ಬಿಟ್ಟಿರಿ.

ಎಲ್ಲ ಸಲವೂ ಹೀಗೇ ಆಗಿದೆ ಎಂದರೆ ತಮಗೆ ಅನ್ಯಾಯ. 2008ರಲ್ಲಿ ಅಮೆರಿಕದಲ್ಲಿ ತಾವು ಹೆಚ್ಚಾಗಿ ಗಂಡಸರನ್ನೇ ಮನೆಗೆ ಕಳಿಸಿದ್ದಿರಿ, ಆ ಸಲ ಮಲಗಿದ್ದು ಕಟ್ಟಡ ಕೆಲಸ ಮತ್ತು ಕಾರ್ಖಾನೆ. 2020ರಲ್ಲಿ ನಮ್ಮಲ್ಲಿ ಬಾಗಿಲು ಹಾಕಿದವು ಹೋಟೆಲು, ಖಾಸಗಿ ಶಾಲೆ, ಬ್ಯೂಟಿ ಪಾರ್ಲರ್, ಗಾರ್ಮೆಂಟ್ಸ್. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮನೆಗೆಲಸದವರನ್ನು ತಡೆದರು. ಮಕ್ಕಳೂ ಮನೆಯಲ್ಲೇ ಉಳಿದರು. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಒಂದು ದಿನದಲ್ಲಿ ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ನೂರಕ್ಕೆ 26 ಮಂದಿ, ಹಾಕಿದವರು ಕಳೆಯುವುದು ಸರಾಸರಿ 97 ನಿಮಿಷ. ಹೆಂಗಸರು ನೂರಕ್ಕೆ 81, ಅವರ ಲೆಕ್ಕ 299 ನಿಮಿಷ. ಇದು ಶಾಲೆಗಳು ತೆರೆದಿದ್ದ ಕಾಲದ ಮಾತು.

ಅರ್ಥಶಾಸ್ತ್ರಜ್ಞರು ತಮ್ಮ ಬಗ್ಗೆ ಎರಡು ಸಿದ್ಧಾಂತ ಇಟ್ಟುಕೊಂಡಿದ್ದಾರೆ. ಗಂಡನ ಸಂಪಾದನೆ ನಿಂತಾಗ ಹೆಂಡತಿ ಸಿಕ್ಕಿದ ಕೆಲಸಕ್ಕೆ ಇಳಿಯುತ್ತಾಳೆ ಎಂಬುದು ಒಂದು. ಕೆಲಸ ಸಿಗದೆ ಬೇಸತ್ತು ಹುಡುಕುವುದನ್ನೇ ಬಿಡುತ್ತಾಳೆ ಎಂಬುದು ಇನ್ನೊಂದು. ಹುಡುಕುವುದು ಬಿಟ್ಟವಳು ನಿರುದ್ಯೋಗಿಗಳ ಪಟ್ಟಿಯಿಂದಲೂ ಹೊರಬೀಳುತ್ತಾಳೆ, ಹಾಗಾಗಿ ನಿರುದ್ಯೋಗವೂ ಕಡಿಮೆ ಕಾಣುತ್ತದೆ. ಬಂದರೂ ಲಾಭ, ಹೋದರೂ ಲಾಭ. ಇಂಥ ವ್ಯಾಪಾರ ಬೆಂಗಳೂರಿನ ಅವೆನ್ಯೂ ರೋಡಿನಲ್ಲೂ ಸಿಗುವುದಿಲ್ಲ.

ತಮ್ಮ ಹಳೆಯ ಸಾಧನೆಗಳನ್ನೂ ಸಮಿತಿ ಮರೆತಿಲ್ಲ. 1932ರಲ್ಲಿ, ಮಹಾ ಕುಸಿತದ ದಿನಗಳಲ್ಲಿ, ಅಮೆರಿಕದ ಸರ್ಕಾರ ಒಂದು ಮಿತವ್ಯಯ ಕಾಯಿದೆ ತಂದಿತು. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ, ನೌಕರರನ್ನು ಕಡಿಮೆ ಮಾಡುವಾಗ ಅಂಥವರನ್ನು ಮೊದಲು ತೆಗೆಯಬೇಕು ಎಂದಿತು ಅದರ 213ನೇ ಕಲಂ. ಹೆಂಡತಿಯನ್ನೇ ತೆಗೆಯಿರಿ ಎಂದು ಎಲ್ಲೂ ಬರೆದಿರಲಿಲ್ಲ. ಆದರೂ ಹೊರಗೆ ಬಂದವರಲ್ಲಿ ಹೆಚ್ಚಿನವರು ಹೆಂಡತಿಯರೇ. 1937ರಲ್ಲಿ ಅದು ರದ್ದಾಯಿತು.

ತವರಿನ ಸಾಧನೆಗೆ ಶ್ರೀರಂಗಪಟ್ಟಣ ಸಾಕು. 2020ರ ಜೂನ್‌ನಲ್ಲಿ ಅಲ್ಲಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಬಾಗಿಲು ಹಾಕಿತು. ಕೆಲಸ ಕಳೆದುಕೊಂಡವರು ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು. ಆರ್ಡರ್ ಇಲ್ಲ ಎಂಬುದು ಕಂಪನಿಯ ಮಾತು. ಯೂನಿಯನ್ ಗಟ್ಟಿಯಾಗಿದ್ದದ್ದೇ ಕಾರಣ ಎಂಬುದು ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತವರ ಮಾತು. ತಮ್ಮ ಹೆಸರು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ತಮಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ಅದೇ ವರ್ಷದ ಜುಲೈನಲ್ಲಿ, ಮನೆಮನೆಗೆ ಹೋಗಿ ಸೋಂಕಿನ ಸಮೀಕ್ಷೆ ಮಾಡುತ್ತಿದ್ದ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಗದಿ ಮಾಡಿ ಎಂದು ಮುಷ್ಕರ ಹೂಡಿದರು. ಅವರ ಹೆಸರಿನಲ್ಲಿ ದೇಶ ಚಪ್ಪಾಳೆ ತಟ್ಟಿತ್ತು; ಚಪ್ಪಾಳೆಗೆ ಪಿಎಫ್ ಕಟ್ಟುವ ಪದ್ಧತಿ ಇಲ್ಲ.

ತಮಗೆ ಅಡ್ಡಿಯಾದದ್ದು ಗ್ರಾಮೀಣ ಉದ್ಯೋಗ ಖಾತರಿ ಯೋಜನೆ. 2020-21ರಲ್ಲಿ ಅದರಡಿ ಆದ ಕೆಲಸದ ದಿನಗಳು 389 ಕೋಟಿ, ಅದುವರೆಗಿನ ದಾಖಲೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು. ಗಂಡಾಳಿಗೊಂದು, ಹೆಣ್ಣಾಳಿಗೊಂದು ಎಂದು ಎರಡು ಕೂಲಿ ಅಲ್ಲಿ ಇರಲಿಲ್ಲ, ದುಡ್ಡು ಬ್ಯಾಂಕ್ ಖಾತೆಗೇ ಬೀಳುತ್ತಿತ್ತು. ಕೆರೆ ಹೂಳು ಎತ್ತುವ ಕೆಲಸಕ್ಕೆ ಅಷ್ಟು ಜನ ನುಗ್ಗಿದ್ದನ್ನು ನೋಡಿದರೆ, ಹೆಂಗಸರು ದುಡಿಮೆಯಿಂದ ಹಿಂದೆ ಸರಿದರು ಎಂಬ ಮಾತನ್ನು ಬಿನ್ನವತ್ತಳೆಯಿಂದ ಕೈಬಿಡಬೇಕಾಯಿತು.

ಇನ್ನು ಸಮಾರಂಭದ ದಿನದ ವ್ಯವಸ್ಥೆ. ತಾವು ದಯವಿಟ್ಟು ಹೊಸೂರು ರಸ್ತೆಯಲ್ಲಿ ಬರಬೇಡಿ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಸಿಗುವುದಿಲ್ಲ ಎಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಆ ದುಡ್ಡೇ ತಮ್ಮಂಥವರು ಮನೆಗೆ ಬಂದಾಗ ಕೈಗೆ ಸಿಗುವ ಏಕೈಕ ಗಂಟು. ಮಕ್ಕಳ ಫೀಜು, ಕೈಸಾಲ, ಆಸ್ಪತ್ರೆ ಎಲ್ಲ ಅದರಲ್ಲೇ. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಮಿಷನ್ ಬಿಟ್ಟೆದ್ದು ಬೊಮ್ಮನಹಳ್ಳಿಯ ಹತ್ತಿರ ಅದೇ ರಸ್ತೆಗೆ ಇಳಿದರು. ಕರೆ ಕೊಟ್ಟ ನಾಯಕರು ಯಾರೆಂದು ಪೊಲೀಸರಿಗೂ ತಿಳಿಯಲಿಲ್ಲ. ಮಾರನೆಯ ದಿನ ಲಾಠಿ, ಅಶ್ರುವಾಯು, ಸುಟ್ಟ ಬಸ್ಸು ಎಲ್ಲ ಆಯಿತು, ಸಂಜೆಯೊಳಗೆ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನು ಹಿಂದಕ್ಕೆ ಪಡೆದರು.

ತುಮಕೂರು ರಸ್ತೆ ಹಿಡಿದರೆ ಪೀಣ್ಯದ ಕಾರ್ಖಾನೆಗಳು ಸಿಗುತ್ತವೆ, ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣ. ಯಾವ ದಾರಿಯಲ್ಲಿ ಬರುತ್ತೀರೆಂದು ಮುಂಚಿತವಾಗಿ ತಿಳಿಸಿದರೆ ಬಂದೋಬಸ್ತಿಗೆ ಅನುಕೂಲ.

ಇತಿ,
ಸನ್ಮಾನ ಸಮಿತಿ

ವಿ.ಸೂ.: ಪೇಟ, ಶಾಲಿನ ಚೆಕ್ಕಿಗೆ ಖಜಾಂಚಿಯವರ ಸಹಿ ಇನ್ನೂ ಆಗಿಲ್ಲ.