ಕಪ್ಪುಚುಕ್ಕೆಯ ಅರ್ಹತೆ

ಬೆಂಗಳೂರಿನ ಹೊರವಲಯದಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಸರ್ವಿಸ್ ರಸ್ತೆಯೂ ಹಳ್ಳಿಯ ದಾರಿಯೂ ಬಂದು ಕೂಡುವ ಒಂದು ಕೂಡುರಸ್ತೆಯಲ್ಲಿ, ಎಂಜಿನಿಯರೊಬ್ಬರಿಗೂ ಚಹಾದಂಗಡಿಯ ಗೌಡರಿಗೂ ನಡೆದ ಸಂವಾದವನ್ನು ಸಂಚಾರ ಸುರಕ್ಷತೆಯ ಅಭ್ಯಾಸಿಗಳಿಗಾಗಿ ಇಲ್ಲಿ ದಾಖಲಿಸಲಾಗಿದೆ.

ಗೌಡರು: ಸ್ವಾಮಿ, ಈ ಕೂಡುರಸ್ತೆ ಸರಿಹೋಗುವುದು ಯಾವಾಗ?

ಎಂಜಿನಿಯರ್: ಮೊದಲು ಇದು ‘ಕಪ್ಪುಚುಕ್ಕೆ’ ಎನಿಸಬೇಕು, ಅಂದರೆ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, 3 ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯ ತಂದ 5 ಅಪಘಾತಗಳಾಗಲಿ, ಒಟ್ಟು 10 ಸಾವುಗಳಾಗಲಿ ಸಂಭವಿಸಿರಬೇಕು.

ಗೌಡರು: ಇಲ್ಲಿ ನಾಲ್ಕೇ ಆಗಿವೆ.

ಎಂಜಿನಿಯರ್: ಆದ್ದರಿಂದಲೇ ಕಡತ ನಿಂತಿದೆ.

ಗೌಡರು: ಕಡತವಾದರೂ ನಿಲ್ಲುತ್ತದಲ್ಲ, ಲಾರಿಗಳು ನಿಲ್ಲುವುದೇ ಇಲ್ಲ. ಮೊನ್ನೆ ಮೇಷ್ಟರ ಕಾಲಿಗೆ ಬಿದ್ದ ಪೆಟ್ಟು ಲೆಕ್ಕಕ್ಕೆ ಬರುತ್ತದೆಯೇ?

ಎಂಜಿನಿಯರ್: ಮೂಳೆ ಮುರಿದಿದ್ದರೆ ಕಾನೂನಿನಂತೆ ತೀವ್ರ ಗಾಯ, ಬರಿಯ ಉಳುಕು ಬರುವುದಿಲ್ಲ.

ಗೌಡರು: ಉಳುಕೇ. ಪಾಪ, ಊರಿಗೆ ಉಪಕಾರವಾಗುವುದು ಕೂದಲೆಳೆಯಲ್ಲಿ ತಪ್ಪಿತು. ಹಳ್ಳಿಯ ದಾರಿಗೆ ಉಬ್ಬನ್ನಾದರೂ ಹಾಕಿಸಿ.

ಎಂಜಿನಿಯರ್: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಅದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕಾದ್ದರಿಂದ ಅಂದಾಜುಪಟ್ಟಿ ಸಿದ್ಧವಾಗುತ್ತಿದೆ.

ಗೌಡರು: ಪಟ್ಟಿಯೇ ಉಬ್ಬಿದರೆ ರಸ್ತೆಗೇನು ಉಳಿದೀತು? ಇರಲಿ, 3 ವರ್ಷ ಕಳೆದರೆ?

ಎಂಜಿನಿಯರ್: ಹಳೆಯ ಅಪಘಾತವೊಂದು ಲೆಕ್ಕದಿಂದ ಬಿದ್ದು, ಸಂಖ್ಯೆ ಮೂರಕ್ಕೆ ಇಳಿಯುತ್ತದೆ.

ಗೌಡರು: ಹಾಗಾದರೆ ಕಾದಷ್ಟೂ ಸುರಕ್ಷತೆ! ಆ ಸಾಧನೆಯ ಸಮಾರಂಭಕ್ಕೆ ಬರುವ ಸಾಹೇಬರು ಮಾತ್ರ ರಸ್ತೆ ದಾಟದಿರಲಿ. ಲೆಕ್ಕ ಮತ್ತೆ ನಾಲ್ಕಾದೀತು.