ಬೀಗರಿಗೊಂದು ಓಟಿ ಬಿಲ್

ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯವರಿಗೆ,
ನನ್ನ ಮಗ ಕೆಲಸಕ್ಕಿರುವ ಸಾಫ್ಟ್‌ವೇರ್ ಕಂಪನಿ,
ಹೊರವರ್ತುಲ ರಸ್ತೆ, ಬೆಂಗಳೂರು.

ಬೀಗರೇ,

ಹೀಗೆ ಕರೆದೆನೆಂದು ಗಾಬರಿಯಾಗಬೇಡಿ. ಹೊಸ ವರ್ಷಕ್ಕೆ ನೀವು ಕಳಿಸಿದ ಶುಭಾಶಯ ಪತ್ರದಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ನೀವೇ ಸಹಿ ಹಾಕಿದ್ದೀರಿ. ಕುಟುಂಬ ಅಂದಮೇಲೆ ವರಸೆ ಅಂತ ಒಂದು ಇರಬೇಕಲ್ಲ. ನನ್ನ ಮಗ ನಿಮ್ಮಲ್ಲೇ ಇರುತ್ತಾನೆ, ನಿಮ್ಮಲ್ಲೇ ಉಣ್ಣುತ್ತಾನೆ, ನಿಮ್ಮ ಮಾತನ್ನಷ್ಟೇ ಕೇಳುತ್ತಾನೆ. ಅಪ್ಪಿತಪ್ಪಿ ನಮ್ಮ ಮನೆಗೆ ಬಂದು ಕೂತರೆ ಅರ್ಧ ಗಂಟೆಯೊಳಗೆ ನಿಮ್ಮ ಕಡೆಯಿಂದ ಕರೆ ಬರುತ್ತದೆ. ನಮ್ಮಲ್ಲಿ ಇಂಥವನನ್ನು ಮನೆ ಅಳಿಯ ಅನ್ನುತ್ತಾರೆ. ಕೊಟ್ಟಾಗಿದೆ, ಅದಕ್ಕೆ ಬೇಜಾರಿಲ್ಲ. ಆದರೆ ಕೊಡುವಾಗ ಮಾತುಕತೆ ಆಗಲಿಲ್ಲ. ಬೀಗರ ಊಟವನ್ನೂ ನೀವು ಹಾಕಿಸಲಿಲ್ಲ. ಅದಕ್ಕೇ ಈ ಕಾಗದ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಅಸೆಂಬ್ಲಿಯಲ್ಲಿ ದುಡಿದು ರಿಟೈರ್ ಆದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಶುರುವಾದ ಫ್ಯಾಕ್ಟರಿ ಅದು. ನಿಮ್ಮ ತಂದೆಯವರ ಮದುವೆಯಲ್ಲಿ ಮಾವನ ಮನೆಯವರು ಕಟ್ಟಿದ ಜನತಾ ವಾಚೋ ಸೋನಾ ವಾಚೋ ನನ್ನ ಬೆಂಚಿನಿಂದಲೇ ಹೋಗಿರಬಹುದು. ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಹೇರ್‌ಸ್ಪ್ರಿಂಗ್ ಹಿಡಿದು ಅದರ ಜಾಗದಲ್ಲಿ ಕೂರಿಸುವ ಕೆಲಸ. ಜೋರಾಗಿ ಉಸಿರು ಬಿಟ್ಟರೆ ಸ್ಕ್ರೂ ಹಾರಿ ಎಲ್ಲೋ ಬೀಳುತ್ತಿತ್ತು. ಶಿಫ್ಟಿನ ಕೊನೆಗೆ ಬೆರಳು ಸಣ್ಣಗೆ ನಡುಗಲು ಶುರುವಾದರೆ ಮುಗಿಯಿತು, ಸ್ಪ್ರಿಂಗ್ ಬಾಗಿ ಪೀಸು ರಿಜೆಕ್ಟ್. ನಮ್ಮ ಸೂಪರ್‌ವೈಸರು ಮಹಾ ಸಿಡುಕ, ಒಳ್ಳೆಯ ಮಾತು ಆಡಿದವರೇ ಅಲ್ಲ. ಅವರೂ ಸೈರನ್ ಕೂಗಿದ ಮೇಲೆ ಬೆಂಚಿಗೆ ಅಂಟಿಕೊಂಡವರನ್ನು ಎಬ್ಬಿಸುತ್ತಿದ್ದರು. ‘ಈಗ ನೀನು ಹತ್ತು ವಾಚು ಜೋಡಿಸಿದರೆ ನಾಳೆ ಬೆಳಿಗ್ಗೆ ನಾನು ಹನ್ನೆರಡು ಬಿಚ್ಚಿಸಬೇಕಾಗುತ್ತೆ. ಎದ್ದು ಬಸ್ ಹತ್ತಮ್ಮ.’

ಅವರು ಎಂಬಿಎ ಓದಿದವರಲ್ಲ.

ಓಟಿ ಅಂದರೆ ಏನೆಂದು ನಿಮಗೆ ವಿವರಿಸಬೇಕು, ನಿಮ್ಮಲ್ಲಿ ಆ ಪದ್ಧತಿ ಇದ್ದಂತಿಲ್ಲ. ನಮ್ಮ ಕಾಲಕ್ಕೆ 1948ರ ಕಾರ್ಖಾನೆ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48. ಅದರ ಮೇಲೆ ಕೂರಿಸಿದ ಒಂದೊಂದು ಗಂಟೆಗೂ ಎರಡರಷ್ಟು ಕೂಲಿ. ಆ ಎರಡರಷ್ಟು ನಮ್ಮ ಮೇಲಿನ ಕರುಣೆಗೆ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಕೇಳಿದರೆ ಮ್ಯಾನೇಜರು ತಲೆ ಉಪಯೋಗಿಸಲಿ ಅಂತ ಬಂದದ್ದು. ಓಟಿ ಬೇಕೆಂದರೆ ಅವನು ಕಾಗದ ಬರೆಯಬೇಕು, ಯಾಕೆ ಬೇಕೆಂದು ಹೇಳಬೇಕು, ಮೇಲಿನವರ ಸಹಿ ತರಬೇಕು. ಇಷ್ಟೆಲ್ಲ ತಲೆನೋವಿಗಿಂತ ಕೆಲಸವನ್ನು ಹಗಲಲ್ಲೇ ಸರಿಯಾಗಿ ಹಂಚುವುದೇ ವಾಸಿ ಎಂದು ಅವನಿಗೇ ಅನ್ನಿಸುತ್ತಿತ್ತು. ನಿಮ್ಮ ಮ್ಯಾನೇಜರಿಗೆ ಆ ಕಷ್ಟವಿಲ್ಲ. ರಾತ್ರಿ ಹತ್ತಕ್ಕೆ ‘ಎರಡೇ ನಿಮಿಷ, ಒಂದು ಕ್ವಿಕ್ ಕಾಲ್’ ಅಂದರೆ ಅವನ ಜೇಬಿನಿಂದಲೂ ಕಾಸು ಹೋಗುವುದಿಲ್ಲ, ನಿಮ್ಮ ಜೇಬಿನಿಂದಲೂ ಹೋಗುವುದಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಹನ್ನೊಂದು ಜನ ಕೂತ ಕಾಲ್‌ನಲ್ಲಿ ಇಬ್ಬರು ಮಾತಾಡುತ್ತಾರೆ, ಉಳಿದವರು ಮ್ಯೂಟ್ ಮಾಡಿಕೊಂಡು ತರಕಾರಿ ಹೆಚ್ಚುತ್ತಾರೆ. (ನನ್ನ ಮಗ ಹುರುಳಿಕಾಯಿ ಹೆಚ್ಚುವುದರಲ್ಲಿ ಪಳಗಿಬಿಟ್ಟಿದ್ದಾನೆ. ಆ ತರಬೇತಿಗೆ ನಿಮಗೆ ಋಣಿ.)

ಈಗ ದೊಡ್ಡವರ ಮಾತಿಗೆ ಬರೋಣ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು ದೇಶ ಮುಂದೆ ಬರಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರು 90ಕ್ಕೆ ಏರಿಸಿದರು, ಭಾನುವಾರ ದುಡಿಸಿಕೊಳ್ಳಲು ಆಗುತ್ತಿಲ್ಲವಲ್ಲ ಎಂದು ಪೇಚಾಡಿದರು. ಬೀಗರೇ, ನನ್ನದೇನೂ ತಕರಾರಿಲ್ಲ, ದುಡಿಸಿ. ಲೆಕ್ಕ ಮಾತ್ರ ನಮ್ಮ ಫ್ಯಾಕ್ಟರಿಯ ಪ್ರಕಾರ ಆಗಲಿ. 70ರಲ್ಲಿ 48 ಕಳೆದರೆ 22 ಗಂಟೆ ಓಟಿ, ಎರಡರಷ್ಟು ಅಂದರೆ 44, ಒಟ್ಟು 92 ಗಂಟೆಯ ಸಂಬಳ. 90 ಗಂಟೆ ಬೇಕೆಂದರೆ 132 ಗಂಟೆಯ ಸಂಬಳ. ದೇಶ ಕಟ್ಟುವ ಕೆಲಸ ಅಗ್ಗಕ್ಕೆ ಆಗುತ್ತದೆಯೇ?

ಆದರೆ ಹಣ ಬಿಚ್ಚುವ ಮುಂಚೆ ಒಂದು ಮಾತು ಕೇಳಿಸಿಕೊಳ್ಳಿ, ನೆಂಟಸ್ತನ ಅಂದಮೇಲೆ ನಿಮಗೆ ನಷ್ಟವಾಗುವುದನ್ನು ನೋಡಿ ನಾನು ಸುಮ್ಮನಿರಬಾರದು. ಸ್ಟ್ಯಾನ್‌ಫರ್ಡಿನ ಜಾನ್ ಪೆನ್‌ಕಾವೆಲ್ ಎಂಬ ಅರ್ಥಶಾಸ್ತ್ರಜ್ಞರು ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಕೆದಕಿ 2014ರಲ್ಲಿ ಬರೆದಿದ್ದಾರೆ. ಅಲ್ಲಿ ದುಡಿದವರಲ್ಲಿ ಬಹಳಷ್ಟು ಜನ ನಮ್ಮ ಹಾಗೆ ಹೆಂಗಸರೇ. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಗಂಟೆಗಂಟೆಗೂ ಹುಟ್ಟುವಳಿ ಇಳಿಯುತ್ತಾ ಹೋಯಿತಂತೆ. 70 ಗಂಟೆ ದುಡಿದವರಿಗೂ 56 ಗಂಟೆ ದುಡಿದವರಿಗೂ ಕೊನೆಗೆ ಮಾಡಿದ ಮಾಲಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅಂದರೆ 92 ಗಂಟೆಯ ಸಂಬಳ ಕೊಟ್ಟು 56 ಗಂಟೆಯ ಕೆಲಸ ಕೊಳ್ಳುವ ವ್ಯಾಪಾರ ನಿಮ್ಮದು. ನಮ್ಮ ಸಿಡುಕ ಸೂಪರ್‌ವೈಸರು ಇದಕ್ಕೆ ಒಪ್ಪುತ್ತಿರಲಿಲ್ಲ. 70ರ ಮಾತಾಡಿದ ಹಿರಿಯರು ಕಟ್ಟಿದ ಕಂಪನಿಯೇ 2025ರಲ್ಲಿ ‘ದಿನಕ್ಕೆ 9 ಗಂಟೆ 15 ನಿಮಿಷ ಮೀರಬೇಡಿ, ಆರೋಗ್ಯ ನೋಡಿಕೊಳ್ಳಿ’ ಎಂದು ತನ್ನ ನೌಕರರಿಗೆ ಮೇಲ್ ಕಳಿಸುತ್ತಿದೆ ಎಂದು ಪೇಪರಿನಲ್ಲಿ ಬಂದಿತ್ತು. ಮನೆ ಯಜಮಾನರ ಮಾತು ಹೊರಗಿನವರಿಗೆ ಮಾತ್ರ ಅಂತ ಕಾಣುತ್ತದೆ.

ಆರೋಗ್ಯ ಅಂದಾಗ ನೆನಪಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಲೆಕ್ಕ ಕೊಟ್ಟಿವೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಜಾಸ್ತಿ, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಜಾಸ್ತಿ. 55ಕ್ಕೇ ಇಷ್ಟು! ನನ್ನ ಮಗನಿಗೆ ನಲವತ್ತು ತುಂಬುವ ಮುಂಚೆ ಬಿಪಿ ಮಾತ್ರೆ ಶುರುವಾಗಿದೆ. ನನಗೆ ಇನ್ನೂ ಇಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ತಾಯಿ ಮಗನಿಗೆ ಮಾತ್ರೆ ನೆನಪಿಸುವ ಮನೆ ನಮ್ಮದು. ಇದನ್ನು ತಿಳಿದೇ ಇರಬೇಕು, ನಿಮ್ಮ ಎಚ್‌ಆರ್‌ನವರು ಶನಿವಾರ ಬೆಳಿಗ್ಗೆ ಎಂಟಕ್ಕೆ ‘ಒತ್ತಡ ನಿವಾರಣೆ’ ಎಂಬ ವೆಬಿನಾರ್ ಇಟ್ಟಿದ್ದರು. ಹಾಜರಿ ಕಡ್ಡಾಯ.

ಇನ್ನು ಕಾಯ್ದೆ. ನಿಮಗೆ ಅನ್ವಯವಾಗುವುದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಅದೂ 1961ರದ್ದೇ, ನಮ್ಮ ಫ್ಯಾಕ್ಟರಿಯ ಓರಗೆಯದು. ಅದರಲ್ಲೂ ದಿನಕ್ಕೆ 9, ವಾರಕ್ಕೆ 48, ಮೂರು ತಿಂಗಳಿಗೆ ಓಟಿ 50 ಗಂಟೆ ಮೀರಬಾರದು, ಕೂಲಿ ಎರಡರಷ್ಟು ಎಂದಿತ್ತು. ಆದರೆ ಆಡಳಿತದ ಹುದ್ದೆಯಲ್ಲಿರುವವರಿಗೆ ಕಾಯ್ದೆ ತಾಗುವುದಿಲ್ಲ. ಓಹೋ, ಅದಕ್ಕೇ ಇರಬೇಕು, ತನ್ನ ಕೈಕೆಳಗೆ ಒಬ್ಬ ಅಟೆಂಡರೂ ಇಲ್ಲದ ನನ್ನ ಮಗನಿಗೆ ನೀವು ‘ಲೀಡ್’ ಎಂದು ಬಿರುದು ಕೊಟ್ಟದ್ದು! ನಾವು ಆ ದಿನ ಕೇಸರಿಬಾತ್ ಮಾಡಿ ಇಡೀ ಬೀದಿಗೆ ಹಂಚಿದ್ದೆವು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂತು, ಐಟಿ ನೌಕರರ ಸಂಘದವರು ಬೀದಿಗಿಳಿದರು, ಅದು ತಣ್ಣಗಾಯಿತು. ಮರುವರ್ಷ ಓಟಿ ಸೇರಿ 12 ಗಂಟೆ, ಮೂರು ತಿಂಗಳಿಗೆ 50 ಇದ್ದ ಓಟಿ ಮಿತಿಯನ್ನು 144 ಮಾಡುವ ಇನ್ನೊಂದು ಪ್ರಸ್ತಾವ. ಪರವಾಗಿಲ್ಲ, ಸ್ವಲ್ಪ ಚೌಕಾಸಿ ಮಾಡಿದ್ದಾರೆ ಅಂದುಕೊಂಡೆ.

ಆಯುಧಪೂಜೆಯ ದಿನದ್ದನ್ನು ಮಾತ್ರ ನಾನು ಬಿಡುವುದಿಲ್ಲ.

ಫ್ಯಾಕ್ಟರಿಯಲ್ಲಿ ಆಯುಧಪೂಜೆ ಅಂದರೆ ಹಿಂದಿನ ದಿನವೇ ಮಷೀನು ಒರೆಸಿ, ಎಣ್ಣೆ ಬಿಟ್ಟು, ಚಿಮಟ ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ, ಸೇವಂತಿಗೆ ಏರಿಸಿ, ಬೂದುಗುಂಬಳ ಒಡೆದು, ಕಡಲೆಪುರಿ ಕಟ್ಟಿಕೊಂಡು ಮನೆಗೆ ಬರುವುದು. ಪೂಜೆಗೆ ಇಟ್ಟ ಆಯುಧ ಮುಟ್ಟುವ ಹಾಗಿಲ್ಲ. ಜನರಲ್ ಮ್ಯಾನೇಜರ್ ಬಂದು ಕೇಳಿದರೂ ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಈಗ ಆಯುಧ ಅಂದರೆ ಎರಡು ಲ್ಯಾಪ್‌ಟಾಪ್, ಒಂದು ಮಗನದು, ಒಂದು ಸೊಸೆಯದು. ಮಣೆ ಹಾಕಿ, ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು, ದಾಸವಾಳ ಏರಿಸಿ, ಮೊಮ್ಮಗಳ ಕೈಗೆ ಗಂಟೆ ಕೊಟ್ಟು ಮಂಗಳಾರತಿ ಎತ್ತಿದೆ. ಮಗನ ಫೋನು ಟಿಂಗ್ ಅಂತು. ಅವನು ನನ್ನ ಮುಖ ನೋಡಿದ, ನಾನು ನೋಡಲಿಲ್ಲ. ಮತ್ತೆ ಟಿಂಗ್. ಆಮೇಲೆ ಕರೆಯೇ ಬಂತು. ಆರತಿ ಇನ್ನೂ ಉರಿಯುತ್ತಿತ್ತು, ಅವನು ಬಗ್ಗಿ ದಾಸವಾಳವನ್ನು ಒಂದು ಪಕ್ಕಕ್ಕೆ ಸರಿಸಿ, ಕುಂಕುಮ ಒರೆಸದೆ, ಆಯುಧ ಎತ್ತಿಕೊಂಡು ಕೋಣೆಗೆ ಹೋದ. ಗಂಟೆ ಬಾರಿಸುತ್ತಿದ್ದ ಮಗು ನಿಲ್ಲಿಸಿ, ‘ಅಜ್ಜಿ, ದೇವರು ಲಾಗಿನ್ ಆಯ್ತಾ?’ ಅಂತ ಕೇಳಿತು. ನನ್ನ ಸೊಸೆಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳದ್ದೂ ಟಿಂಗ್ ಅಂತು.

ವಿಷಯ ಏನಂತೀರಿ? ಯಾವುದೋ ಸ್ಲೈಡಿನಲ್ಲಿ ನಿಮ್ಮ ಕಂಪನಿಯ ಲೋಗೋದ ನೀಲಿ ಬಣ್ಣ ಒಂದು ಚೂರು ತೆಳುವಾಗಿತ್ತಂತೆ.

ಹೆಂಡತಿ ಮುಖವನ್ನು ಮನೆಯಲ್ಲಿ ಕೂತು ಎಷ್ಟು ಹೊತ್ತು ನೋಡುತ್ತೀರಿ ಎಂದು ಆ 90 ಗಂಟೆಯವರು ಕೇಳಿದರಲ್ಲ, ಅದಕ್ಕೆ ಉತ್ತರ ನಮ್ಮಲ್ಲಿ ಹನ್ನೆರಡನೇ ಶತಮಾನದಲ್ಲೇ ಇದೆ. ನಿಮ್ಮ ವಾರ್ಷಿಕೋತ್ಸವದ ಭಾಷಣದಲ್ಲಿ ಕಾಯಕ, ಕೈಲಾಸ ಎಂದೆಲ್ಲ ಕೇಳಿ ಸಂತೋಷವಾಯಿತು. ಆ ಮಾತು ಹೇಳಿದ ಶರಣ ಆಯ್ದಕ್ಕಿ ಮಾರಯ್ಯನಿಗೆ ಲಕ್ಕಮ್ಮ ಎಂಬ ಹೆಂಡತಿ ಇದ್ದಳೆಂದು ನಿಮ್ಮ ಭಾಷಣ ಬರೆದವರು ಹೇಳಲಿಲ್ಲವೇ? ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾರಯ್ಯನದು. ಒಂದು ದಿನ ದಿನದ ಪಾಡಿಗಿಂತ ಹೆಚ್ಚು ಅಕ್ಕಿ ತಂದ. ಟಾರ್ಗೆಟ್ ಮೀರಿದ್ದಾನೆ, ಇವನಿಗೊಂದು ಕಪ್ ಕೊಡೋಣ ಅನ್ನಲಿಲ್ಲ ಲಕ್ಕಮ್ಮ. ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಕಾಯಕದ ಕಥೆ ಅರ್ಧಕ್ಕೆ ನಿಲ್ಲಿಸಿದರೆ ಅದು ನಿಮಗೆ ಬಹಳ ಅನುಕೂಲದ ಕಥೆ.

ಹೆಂಡತಿಯ ಮುಖದ ಬಗ್ಗೆ ಇನ್ನೂ ಒಂದು. ವಾರಕ್ಕೆ 90 ಗಂಟೆ ದುಡಿದವರನ್ನು ನೀವು ನೋಡಬೇಕೆಂದರೆ ನಮ್ಮ ಅಸೆಂಬ್ಲಿಯ ಹೆಂಗಸರನ್ನು ನೋಡಬೇಕಿತ್ತು. ಫ್ಯಾಕ್ಟರಿಯಲ್ಲಿ 48, ಉಳಿದದ್ದು ಒಲೆಯ ಮುಂದೆ. ಇಂದಿಗೂ ದೊಡ್ಡ ಬದಲಾವಣೆಯೇನಿಲ್ಲ. ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಯಾರೋ ಒಬ್ಬರು ಅನ್ನ ಸಾರು ಮಾಡಿ, ಮಗುವಿನ ಹೋಮ್‌ವರ್ಕ್ ಮಾಡಿಸಿ, ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದರೆ ಇನ್ನೊಬ್ಬರಿಗೆ 70 ಗಂಟೆ ಸಿಗುತ್ತದೆ. ನಿಮ್ಮ ಲಾಭ ನಷ್ಟದ ಪಟ್ಟಿಯಲ್ಲಿ ನನ್ನ ಸೊಸೆಯ ಹೆಸರು ಯಾವ ಸಾಲಿನಲ್ಲಿದೆ ಎಂದು ಹುಡುಕಿಸಿದೆ, ಸಿಗಲಿಲ್ಲ.

ನೀವು ಕೇಳುವ ಪ್ರಶ್ನೆ ಗೊತ್ತು. ‘ಸೈರನ್ ಕೂಗಿದ ತಕ್ಷಣ ಎದ್ದು ಹೋದಿರಿ, ನಿಮ್ಮ ಫ್ಯಾಕ್ಟರಿ ಏನಾಯಿತು?’ ಮುಚ್ಚಿತು, 2016ರಲ್ಲಿ ಕೇಂದ್ರ ಸಂಪುಟವೇ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಆದರೆ ನಾವು ಹೊತ್ತಿಗೆ ಬಸ್ ಹತ್ತಿದ್ದರಿಂದ ಅದು ಮುಚ್ಚಲಿಲ್ಲ. ಕ್ವಾರ್ಟ್ಜ್ ವಾಚಿನ ಕಾಲ ಬಂದಾಗ ಮೇಲಿನವರು ಕೀ ಕೊಡುವ ವಾಚಿಗೇ ಜೋತುಬಿದ್ದರು, ಅಲ್ಲಿ ಹೊಸೂರಿನಿಂದ ಟೈಟಾನ್ ಬಂದು ಅಂಗಡಿಯ ಕಪಾಟು ತುಂಬಿತು. ಟೈಟಾನಿನವರೂ ಶಿಫ್ಟ್ ಮುಗಿದ ಮೇಲೆ ಮನೆಗೇ ಹೋಗುತ್ತಿದ್ದರು. ತಪ್ಪು ತೀರ್ಮಾನವನ್ನು ನಾವು ರಾತ್ರಿ ಹನ್ನೆರಡರವರೆಗೆ ಕೂತು ಜೋಡಿಸಿದ್ದರೂ ಅದು ತಪ್ಪು ವಾಚೇ ಆಗಿರುತ್ತಿತ್ತು.

ಈಚೆಗೆ ನಿಮ್ಮಲ್ಲೂ ರಾತ್ರಿಯೆಲ್ಲ ಕೂರಿಸಿ ಕೊನೆಗೆ ತಪ್ಪು ಕೆಲಸವೇ ಆಯಿತಲ್ಲ. ನಿದ್ದೆಗಣ್ಣಿನಲ್ಲಿ ಯಾರೋ ಒಬ್ಬ ಹುಡುಗ ಒಬ್ಬ ಗ್ರಾಹಕನ ಫೈಲನ್ನು ಇನ್ನೊಬ್ಬನಿಗೆ ಕಳಿಸಿದ. ಅದನ್ನು ಸರಿಮಾಡಲು ವಾರಗಟ್ಟಲೆ ಮೀಟಿಂಗು. ಆ ಹುಡುಗ ಕೊನೆಗೆ ಬೇರೆ ಕಂಪನಿ ಸೇರಿದ, ಅವನ ಕೆಲಸವೂ ನನ್ನ ಮಗನ ತಲೆಗೆ ಬಂತು, ಹೊಸಬನನ್ನು ಹುಡುಕಿ ಕಲಿಸುವ ಖರ್ಚು ನಿಮ್ಮ ತಲೆಗೆ ಬಂತು. ಆ ರಾತ್ರಿ ಅವನನ್ನು ಎಬ್ಬಿಸಿ ಬಸ್ ಹತ್ತಿಸುವ ಸಿಡುಕ ಒಬ್ಬ ನಿಮ್ಮಲ್ಲಿ ಇರಲಿಲ್ಲ.

ಸರಿ, ವ್ಯವಹಾರಕ್ಕೆ ಬರುತ್ತೇನೆ. ಬಿಲ್ ಲಗತ್ತಿಸಿದ್ದೇನೆ. 2020ರ ಮಾರ್ಚ್‌ನಿಂದ ನಮ್ಮ ಮಲಗುವ ಕೋಣೆ ನಿಮ್ಮ ಶಾಖಾ ಕಚೇರಿಯಾಗಿ ನಡೆಯುತ್ತಿದೆ. ಈಗ ವಾರದಲ್ಲಿ ಮೂರು ದಿನ ಆಫೀಸಿಗೆ ಕರೆಸಿಕೊಳ್ಳುತ್ತೀರಿ ನಿಜ, ಆದರೆ ರಾತ್ರಿ ಪಾಳಿ ಇಲ್ಲೇ. ಬಾಡಿಗೆ ಹಾಕಿದ್ದೇನೆ, ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಬೇರೆ. ಕರೆಂಟು ಹಾಕಿದ್ದೇನೆ. ಮಧ್ಯರಾತ್ರಿಯ ಕಾಫಿಯನ್ನು ನಮ್ಮ ಫ್ಯಾಕ್ಟರಿ ಕ್ಯಾಂಟೀನಿನ ರಿಯಾಯಿತಿ ದರದಲ್ಲೇ ಹಿಡಿದಿದ್ದೇನೆ, ಬೀಗರೆಂಬ ದಾಕ್ಷಿಣ್ಯಕ್ಕೆ. ಸಿಲ್ಕ್ ಬೋರ್ಡಿನಿಂದ ಬೆಳ್ಳಂದೂರಿನವರೆಗೆ ಕ್ಯಾಬಿನಲ್ಲಿ ಕೂತು ಮಾಡಿದ ಕಾಲ್‌ಗಳನ್ನು ಓಟಿಗೇ ಸೇರಿಸಿದ್ದೇನೆ. ಆ ರಸ್ತೆಯಲ್ಲಿ ಬಂಡಿ ಓಡುವುದಿಲ್ಲ, ಕಾಲ್ ಓಡುತ್ತದೆ. ಬಿಪಿ ಮಾತ್ರೆಯ ರಸೀದಿ ಮೂಲಪ್ರತಿ ಇದೆ. ಸೊಸೆಯ ಹೆಸರಿನಲ್ಲಿ ಪ್ರತ್ಯೇಕ ಬಿಲ್ ಇದೆ, ಅದನ್ನು ಅವಳ ಕಂಪನಿಗೂ ನಿಮಗೂ ಅರ್ಧರ್ಧ ಮಾಡಿದ್ದೇನೆ.

ಬಿಲ್ ಪಾಸು ಮಾಡಲು ತಡವಾದರೆ ನಾನು ಬಂದು ನಿಮ್ಮ ರಿಸೆಪ್ಶನ್ನಿನಲ್ಲಿ ಕೂರುತ್ತೇನೆ, ನನಗೆ ಟೈಮಿದೆ. ಉತ್ತರ ಬರೆಯುವುದಾದರೆ ಹಗಲಲ್ಲಿ ಬರೆಯಿರಿ. ಸಂಜೆ ಆರರ ಮೇಲೆ ನನ್ನದು ವಾಕಿಂಗು, ಆಮೇಲೆ ಸೀರಿಯಲ್ಲು. ಶನಿವಾರ ಭಾನುವಾರ ನನ್ನನ್ನು ಹುಡುಕಬೇಡಿ.

ಇಂತಿ,
ನಿಮ್ಮ ಬೀಗಿತ್ತಿ

ವಿ.ಸೂ.: ಇದನ್ನು ಪಾಸು ಮಾಡುವ ಅಧಿಕಾರ ನಿಮಗಿಲ್ಲ, ಅಪ್ರೂವಲ್ ಅಮೆರಿಕದಿಂದ ಬರಬೇಕು ಎನ್ನುವುದಾದರೆ ಅಲ್ಲಿಯವರ ನಂಬರ್ ಕಳಿಸಿ. ಅವರಿಗೆ ರಾತ್ರಿ ಆಗಿರುವ ಹೊತ್ತು ನೋಡಿ ನಾನೇ ಒಂದು ಕ್ವಿಕ್ ಕಾಲ್ ಮಾಡುತ್ತೇನೆ.